ಬಾನೆಟ್ ಎತ್ತುವವರ ಪ್ರಣಾಳಿಕೆ

ನಾವು ಹಳೆಯ ಮಾರುತಿ 800 ಇಟ್ಟುಕೊಂಡವರು. ಕೆಲವರಿಗೆ ಅದು ಅಪ್ಪನಿಂದ ಬಂದದ್ದು, ಕೆಲವರು ಸೆಕೆಂಡ್ ಹ್ಯಾಂಡ್ ಕೊಂಡದ್ದು. ನಾವೆಲ್ಲ ಕೂಡಿ ಹೇಳುವ ಮಾತು ಒಂದೇ: ಕಾರು ಮುದಿಯಾಗುವುದು ವರ್ಷದಿಂದಲ್ಲ, ಅಲಕ್ಷ್ಯದಿಂದ. ಆ ಅಲಕ್ಷ್ಯವನ್ನು ನಮ್ಮ ಮನೆಯ ಅಂಗಳದಲ್ಲೇ, ನಮ್ಮ ಕೈಯಿಂದಲೇ ತಡೆಯಬಹುದು. ಅದಕ್ಕಾಗಿ ಈ ಚಳವಳಿಯನ್ನು ಇಂದು ಶುರುಮಾಡುತ್ತಿದ್ದೇವೆ.

ಯಾಕೆ ಈ ಕಾರು, ಯಾಕೆ ಈಗ?

1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಹರ್‌ಪಾಲ್ ಸಿಂಗ್ ಅವರ ಕೈಗಿತ್ತರು. 2014ರ ಜನವರಿ 18ರಂದು ಅದರ ತಯಾರಿಕೆ ನಿಂತಿತು. ಈ ನಡುವೆ ದೇಶದೊಳಗೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ತೋಟದವರು ಸ್ಕೂಟರಿನಿಂದ ಇಳಿದು ಮೊದಲ ಸಲ ಕಾರು ಹತ್ತಿದ್ದು ಇದರಲ್ಲೇ.

ಮೂರು ಸಿಲಿಂಡರ್, 796 ಸಿಸಿ, 12 ಇಂಚಿನ ಚಕ್ರ, ಸುಮಾರು 650 ಕೆ.ಜಿ. ತೂಕ. ಬಾನೆಟ್ ಎತ್ತಿದರೆ ಪ್ಲಗ್, ಏರ್ ಫಿಲ್ಟರ್, ಬ್ಯಾಟರಿ, ಫ್ಯಾನ್ ಬೆಲ್ಟ್ ಎಲ್ಲವೂ ಕೈಗೆ ಎಟುಕುತ್ತವೆ. ಯಾವುದು ಎಲ್ಲಿದೆ, ಯಾಕಿದೆ ಎಂದು ಕಣ್ಣಿಂದಲೇ ಓದಬಹುದು. ಕೆಲಸ ಕಲಿಯುವವರಿಗೆ ಇದಕ್ಕಿಂತ ತೆರೆದ ಪುಸ್ತಕ ಸಿಗಲಾರದು.

ಕಾಲ ಮಾತ್ರ ಹತ್ತಿರ ಬರುತ್ತಿದೆ. ತಯಾರಿಕೆ ನಿಂತ ವರ್ಷ ರಸ್ತೆಗಿಳಿದ ಕಾರುಗಳಿಗೂ 2029ಕ್ಕೆ 15 ತುಂಬುತ್ತದೆ. ಅಲ್ಲಿಂದಾಚೆಗೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು, ಆರ್‌ಟಿಒ ಮುಂದೆ ಕಾರು ನಿಲ್ಲಿಸಿ ಪಾಸು ಮಾಡಿಸಬೇಕು. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 10,000 ರೂಪಾಯಿಗೆ ಏರಿಸಿತು. ಇದರ ಜೊತೆಗೆ ಶೇಕಡಾ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಅದಕ್ಕೆಂದು ಮಾಡದ ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಅದು ಮೆತ್ತಗಾಗಿಸಿ ಬಿರುಕು ಬಿಡಿಸಬಲ್ಲದು. ಇಂಥ ಹೊತ್ತಿನಲ್ಲಿ ಏನೂ ತಿಳಿಯದ ಮಾಲೀಕ ಕಾರನ್ನು ಸುಮ್ಮನೆ ಗುಜರಿಗೆ ಕೊಟ್ಟುಬಿಡುತ್ತಾನೆ. ತಿಳಿದವನು ನೋಡಿ, ತೂಗಿ ತೀರ್ಮಾನಿಸುತ್ತಾನೆ.

ನಮ್ಮ ನಂಬಿಕೆ

ಆರ್‌ಸಿಯಲ್ಲಿ ಹೆಸರಿದ್ದರೆ ಅರ್ಧ ಒಡೆತನ. ಕಾರಿನ ಒಳಗು ತಿಳಿದಾಗ ಮಾತ್ರ ಅದು ಪೂರ್ಣ.

ರಿಪೇರಿ ಮನೆಯ ವಿದ್ಯೆ. ಅದನ್ನು ಮಗಳಿಗೂ ಮಗನಿಗೂ ಸಮನಾಗಿ ಕಲಿಸಬೇಕು. ಡ್ರೈವಿಂಗ್ ಲೈಸೆನ್ಸ್ ಪಡೆದ ಪ್ರತಿ ಹುಡುಗಿಗೂ ಸ್ಟೆಪ್ನಿ ಬದಲಿಸಲು ಬರಬೇಕು.

ಓಡುವ ಕಾರನ್ನು ಎಸೆದು ಹೊಸದು ಕೊಂಡರೆ ಹೊಸ ಉಕ್ಕು, ಹೊಸ ಗಾಜು, ಹೊಸ ಪ್ಲಾಸ್ಟಿಕ್ ಎಲ್ಲವನ್ನೂ ಮತ್ತೆ ಮಾಡಬೇಕು. ತಿಂಗಳಿಗೆ ನಾಲ್ಕು ಸಲ ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಹೋಗಿಬರುವ ಸಂಸಾರಕ್ಕೆ ಇರುವ ಕಾರನ್ನು ಚೆನ್ನಾಗಿ ಇಟ್ಟುಕೊಳ್ಳುವುದೇ ಮಿತವ್ಯಯ.

ಹಾಗೆಂದು ಹಳೆಯದೆಲ್ಲವನ್ನೂ ನಾವು ಸಮರ್ಥಿಸುವುದಿಲ್ಲ. ಹೊಗೆ ಉಗುಳುವ ಕಾರು, ಫ್ಲೋರ್ ತುಕ್ಕು ತಿಂದು ಸೀಟಿನ ಬುಡ ಅಲುಗಾಡುವ ಕಾರು ರಸ್ತೆಯಲ್ಲಿರಬಾರದು. ಎಮಿಷನ್ ಟೆಸ್ಟ್‌ನಲ್ಲಿ ಪಾಸಾಗದ ಕಾರಿಗೆ ನಮ್ಮಲ್ಲಿ ಜಾಗವಿಲ್ಲ.

ನಾವೇ ಮಾಡುವ ಕೆಲಸ

ಒಂದು, ಆಯಿಲ್. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡುತ್ತೇವೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಸೇರುತ್ತಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಆ ಕಾರನ್ನು ಸ್ಟಾರ್ಟ್ ಮಾಡುವುದಿಲ್ಲ. ಈ ಎಂಜಿನ್‌ಗೆ ಬೇಕಾದ್ದು ಸುಮಾರು 3 ಲೀಟರ್ ಆಯಿಲ್. ಹೊತ್ತಿಗೆ ಸರಿಯಾಗಿ ನಾವೇ ಇಳಿಸಿ, ಫಿಲ್ಟರ್ ಬದಲಿಸಿ, ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿ ತುಂಬುತ್ತೇವೆ. ಇಳಿಸಿದ ಆಯಿಲ್‌ನ ಒಂದು ಹನಿಯೂ ಚರಂಡಿಗೆ ಹೋಗಕೂಡದು.

ಎರಡು, ನೀರು. ಕೋಲಾರದಿಂದ ವಿಜಯಪುರದವರೆಗೆ ಬೋರ್‌ವೆಲ್ ನೀರು ಗಡಸು. ಅದನ್ನೇ ರೇಡಿಯೇಟರ್‌ಗೆ ಸುರಿದರೆ ಒಳಗೆ ಸುಣ್ಣ ಕಟ್ಟಿ, ಬೇಸಿಗೆಯ ಟ್ರಾಫಿಕ್‌ನಲ್ಲಿ ಎಂಜಿನ್ ಕಾಯುತ್ತದೆ. ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಬಿಟ್ಟು ಬೇರೇನನ್ನೂ ಹಾಕುವುದಿಲ್ಲ. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟುವುದಿಲ್ಲ.

ಮೂರು, ಪ್ಲಗ್. ಇರುವುದು ಮೂರೇ. ಬಿಚ್ಚಿದ ಪ್ಲಗ್ಗಿನ ಮುಖ ಎಂಜಿನ್ನಿನ ಸ್ಥಿತಿ ಹೇಳುತ್ತದೆ. ತಿಳಿಕಂದು ಇದ್ದರೆ ಕ್ಷೇಮ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಜಿಡ್ಡು ಹಿಡಿದಿದ್ದರೆ ಆಯಿಲ್ ಮೇಲೇರುತ್ತಿದೆ. ಕಾರ್ಬುರೇಟರ್ ಕಾರಿಗೂ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಕಾರಿಗೂ ಪ್ಲಗ್ ಗ್ಯಾಪ್ ಬೇರೆ. ಕೈಪಿಡಿ ನೋಡಿ, ಫೀಲರ್ ಗೇಜ್ ಇಟ್ಟು ಹೊಂದಿಸುತ್ತೇವೆ.

ನಾಲ್ಕು, ಟೈರು. ಟೈರಿನ ಬದಿಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಅದು ಹುಟ್ಟಿದ ವಾರ ಮತ್ತು ವರ್ಷ. 2319 ಎಂದರೆ 2019ರ 23ನೆಯ ವಾರ. ಹೆಚ್ಚು ಓಡದ ಕಾರಿನ ಟೈರಿಗೆ ಹಲ್ಲು ಚೆನ್ನಾಗಿಯೇ ಇರುತ್ತದೆ, ರಬ್ಬರ್ ಮಾತ್ರ ಸತ್ತಿರುತ್ತದೆ. ಕೊಳ್ಳುವಾಗಲೂ ಓಡಿಸುವಾಗಲೂ ಆ ಅಂಕಿ ಓದುತ್ತೇವೆ.

ಐದು, ತುಕ್ಕು. ಮಂಗಳೂರು, ಕಾರವಾರದ ಉಪ್ಪುಗಾಳಿಗೂ ಮಲೆನಾಡಿನ ಕೆಸರಿಗೂ ಈ ಕಾರಿನ ತೆಳುತಗಡು ಬೇಗ ಸೋಲುತ್ತದೆ. ಮಳೆಗಾಲಕ್ಕೆ ಮುಂಚೆ ಬಾಗಿಲುಗಳ ಅಡಿಯ ನೀರಿಳಿಯುವ ತೂತುಗಳನ್ನು ಬಿಡಿಸುತ್ತೇವೆ. ಮ್ಯಾಟ್ ಎತ್ತಿ ಫ್ಲೋರ್ ಒಣಗಿಸುತ್ತೇವೆ. ಮಳೆಗಾಲ ಮುಗಿದ ಮೇಲೆ ಅಡಿಭಾಗವನ್ನು ತೊಳೆದು, ಕೆರೆದು, ಬಣ್ಣ ಹಚ್ಚುತ್ತೇವೆ.

ಆರು, ಪೈಪು. ಪೆಟ್ರೋಲ್ ಪೈಪು ಒದ್ದೆಯಿದೆಯೇ, ಬಿರುಕು ಬಿಟ್ಟಿದೆಯೇ, ವಾಸನೆ ಬರುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡುತ್ತೇವೆ. ಅನುಮಾನ ಬಂದರೆ ಎಥನಾಲ್ ತಾಳುವ ಹೊಸ ಪೈಪು ಹಾಕಿಸುತ್ತೇವೆ.

ಏಳು, ಪುಸ್ತಕ. ಪ್ರತಿ ಕಾರಿಗೂ ಒಂದು ನೋಟ್‌ಬುಕ್. ತಾರೀಖು, ಕಿಲೋಮೀಟರ್, ಬದಲಿಸಿದ ಸಾಮಾನು, ಕೊಟ್ಟ ದುಡ್ಡು ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇವೆ. ಕಾರು ಕೈ ಬದಲಾದರೆ ಪುಸ್ತಕವೂ ಅದರ ಜೊತೆ ಹೋಗಬೇಕು.

ನಾವು ಕೈ ಹಾಕದ ಕೆಲಸ

ಜಾಕ್ ಒಂದನ್ನೇ ನಂಬಿ ಯಾರೂ ಕಾರಿನ ಕೆಳಗೆ ಹೋಗಕೂಡದು. ಸಮತಟ್ಟಾದ ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಲ್ಲು, ಜಾಕ್ ಸ್ಟ್ಯಾಂಡ್: ಈ ಮೂರೂ ಇರಲೇಬೇಕು. ಇದು ನಮ್ಮ ಮೊದಲ ಕಾನೂನು.

ಬ್ರೇಕ್, ಸ್ಟೀರಿಂಗ್, ಟೈಮಿಂಗ್ ಬೆಲ್ಟ್ ಈ ಮೂರನ್ನು ಪಳಗಿದ ಮೆಕ್ಯಾನಿಕ್ ಕೈಯಲ್ಲೇ ಮಾಡಿಸುತ್ತೇವೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಪೆಡಲ್ ಮೆತ್ತಗಾಗುವುದು ಹೀಗೆ. ಮಟ್ಟ ನೋಡುವುದು, ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂದು ನೆನಪಿಡುವುದು ನಮ್ಮ ಕೆಲಸ. ಬದಲಿಸುವುದು ಮೆಕ್ಯಾನಿಕ್ ಕೆಲಸ. ಘಟ್ಟದಲ್ಲಿ ಕೆಳಗಿನ ಗೇರ್‌ನಲ್ಲಿ ಇಳಿಯುವುದು ಮಾತ್ರ ಎಲ್ಲರ ಕೆಲಸ.

ಬೀದಿ ಬದಿಯ ಗ್ಯಾರೇಜಿನವರು ನಮ್ಮ ಗುರುಗಳು. ನಾವು ಕಲಿತದ್ದು ಅವರ ಅನ್ನ ಕಸಿಯಲು ಅಲ್ಲ. ಅವರಿಂದ ಕಲಿತರೆ ಕಲಿಸಿದ ಹೊತ್ತಿಗೂ ಕೂಲಿ ಕೊಡುತ್ತೇವೆ. ರೋಗ ಏನೆಂದು ಸರಿಯಾಗಿ ಹೇಳಬಲ್ಲ ಗಿರಾಕಿ ಒಳ್ಳೆಯ ಮೆಕ್ಯಾನಿಕ್‌ಗೂ ಬೇಕು.

ನಮ್ಮ ಬೇಡಿಕೆಗಳು

ಹಳೆಯ ಕಾರಿನ ಹಣೆಬರಹವನ್ನು ವಯಸ್ಸು ನೋಡಿ ಬರೆಯಬೇಡಿ. ಬ್ರೇಕ್, ಹೊಗೆ, ತುಕ್ಕು ಪರೀಕ್ಷಿಸಿ. ಪರೀಕ್ಷೆ ಕಟ್ಟುನಿಟ್ಟಾಗಿರಲಿ, ಪಾಸಾದ ಕಾರಿಗೆ ಶುಲ್ಕ ಕಡಿಮೆ ಇರಲಿ.

ಬಿಡಿಭಾಗ ಮತ್ತು ರಿಪೇರಿ ಕೈಪಿಡಿ ಎಲ್ಲರಿಗೂ ಸಿಗಲಿ. 2014ರಲ್ಲೇ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿ, ಬಿಡಿಭಾಗ ಹಾಗೂ ತಪಾಸಣೆ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ತಡೆಯಬಾರದೆಂದು ಹೇಳಿದೆ. ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು. ಆ ಹಕ್ಕು ಕಾನೂನಾಗಲಿ. ಕೈಪಿಡಿ ಕನ್ನಡದಲ್ಲಿ ಬರಲಿ.

ಸರ್ಕಾರಿ ಐಟಿಐಗಳ ವರ್ಕ್‌ಶಾಪ್ ಭಾನುವಾರ ಊರವರಿಗೆ ತೆರೆಯಲಿ. ಹಳೆಯ ಆಯಿಲ್ ಒಪ್ಪಿಸಲು ಪ್ರತಿ ವಾರ್ಡಿನಲ್ಲಿ ಒಂದು ಜಾಗವಿರಲಿ. ಅಪಾರ್ಟ್‌ಮೆಂಟ್ ಸಂಘಗಳು ಪಾರ್ಕಿಂಗ್‌ನಲ್ಲಿ ರಿಪೇರಿ ಮಾಡುವವರನ್ನು ಗದರಿಸದೆ ಒಂದು ಮೂಲೆ ಬಿಟ್ಟುಕೊಡಲಿ. ಆ ಮೂಲೆಯನ್ನು ಶುಚಿಯಾಗಿಡುವ ಹೊಣೆ ನಮ್ಮದು.

ಸೇರುವುದು ಹೇಗೆ

ಚಂದಾ ಇಲ್ಲ, ಅಧ್ಯಕ್ಷರಿಲ್ಲ. ಒಂದು ಬೀದಿಗೆ ಒಂದು ಪೆಟ್ಟಿಗೆ: ಸ್ಪ್ಯಾನರ್ ಸೆಟ್, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಎರಡು ಜಾಕ್ ಸ್ಟ್ಯಾಂಡ್, ಆಯಿಲ್ ಹಿಡಿಯುವ ತಟ್ಟೆ. ನಾಲ್ಕು ಮನೆಯವರು ಕೂಡಿ ಕೊಂಡರೆ ಯಾರಿಗೂ ಭಾರವಾಗದು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಒಬ್ಬರ ಮನೆ ಮುಂದೆ ಸೇರಿ, ಒಂದು ಕಾರಿನ ಒಂದು ಕೆಲಸ ಮಾಡಿ. ತಿಳಿದವರು ಪಕ್ಕದಲ್ಲಿ ನಿಂತು ಹೇಳಿಕೊಡಲಿ, ತಿಳಿಯದವರೇ ಸ್ಪ್ಯಾನರ್ ಹಿಡಿಯಲಿ. ಮಾಡಿದ್ದನ್ನು ಪುಸ್ತಕದಲ್ಲಿ ಬರೆಯಿರಿ.

ಮಾರುತಿ 800 ಇಲ್ಲದವರೂ ಬನ್ನಿ. ಸ್ಯಾಂಟ್ರೋ, ಝೆನ್, ಇಂಡಿಕಾ, ಯಾವುದಾದರೂ ಸರಿ. ಕಾರೇ ಇಲ್ಲದಿದ್ದರೂ ಸರಿ, ಕಲಿಯುವ ಮನಸ್ಸಿದ್ದರೆ ಸಾಕು.

ಈ ಭಾನುವಾರ ಮೂರು ಕೆಲಸದಿಂದ ಶುರುಮಾಡಿ: ಡಿಪ್‌ಸ್ಟಿಕ್ ನೋಡಿ, ಟೈರಿನ ಅಂಕಿ ಓದಿ, ಪೆಟ್ರೋಲ್ ಪೈಪು ಮುಟ್ಟಿ ನೋಡಿ. ಮುಂದಿನ ಭಾನುವಾರ ಪಕ್ಕದ ಮನೆಯವರಿಗೆ ಅದನ್ನೇ ಕಲಿಸಿ. 2029 ಬರುವಷ್ಟರಲ್ಲಿ ನಮ್ಮ ಪ್ರತಿಯೊಂದು ಕಾರೂ ಆರ್‌ಟಿಒ ಪರೀಕ್ಷೆಗೆ ಅಂಜದೆ ನಿಲ್ಲುವಂತೆ ಮಾಡುವುದು ನಮ್ಮ ಗುರಿ. ಅದಕ್ಕೆ ಬೇಕಾದ ಕೈಗಳು ಪ್ರತಿ ಬೀದಿಯಲ್ಲೂ ಇವೆ. ಬನ್ನಿ, ಬಾನೆಟ್ ಎತ್ತೋಣ.