ತೂಕದ ಮುಳ್ಳು ನಿಂತಾಗ

ಛತ್ರಪತಿ ಸಂಭಾಜಿನಗರದ ಶಾಖೆಯಿಂದ ನಾಸಿಕಕ್ಕೆ ವರ್ಗವಾಗಿ ಬಂದಾಗ ನನ್ನ ತೂಕ 84 ಕಿಲೋ. ವೈದ್ಯರ ಎಚ್ಚರಿಕೆಯ ಮೇರೆಗೆ ಮನೆಯಲ್ಲಿಯೇ ನಿತ್ಯ 12 ಸೂರ್ಯನಮಸ್ಕಾರ ಆರಂಭಿಸಿದೆ. ಮೂರು ತಿಂಗಳಲ್ಲಿ ಆರು ಕಿಲೋ ಇಳಿಯಿತು. ಅನಂತರ ಐದು ವಾರ ಮುಳ್ಳು ಕದಲಲಿಲ್ಲ. ಹಟದಿಂದ ರಾತ್ರಿಯೂಟವನ್ನೂ ಬಿಟ್ಟೆ. ಒಂದು ಮಧ್ಯಾಹ್ನ ಕಚೇರಿಯಲ್ಲಿಯೇ ತಲೆ ಸುತ್ತಿ ಕುಸಿದೆ.

ವಾಣಿಜ್ಯ ಓದಿದವನಿಗೆ ಈ ಲೆಕ್ಕ ಮೊದಲೇ ಹೊಳೆಯಬೇಕಿತ್ತು. ವರಮಾನ ತಗ್ಗಿದ ಸಂಸಾರದಂತೆ ದೇಹವೂ ವೆಚ್ಚವನ್ನು ಮೊಟಕುಗೊಳಿಸುತ್ತದೆ. ಹಗುರಾದ ಶರೀರವನ್ನು ಬಗ್ಗಿಸಿ ಏಳಿಸಲು ಕಡಿಮೆ ಶಕ್ತಿ ಸಾಕು. ಸುಮ್ಮನಿರುವಾಗಿನ ವೆಚ್ಚವೂ ಇಳಿಯುತ್ತದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ತರುಣರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿ ನೋಡಿದರು. ತೂಕ ಸುಮಾರು ಕಾಲುಭಾಗ ಇಳಿದಿತ್ತು. ವಿಶ್ರಾಂತಿಯ ವೆಚ್ಚ ಅದಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಕುಸಿದಿತ್ತು.

ಆದ್ದರಿಂದ ತೂಕ ನಿಂತಾಗ ತಟ್ಟೆಯನ್ನು ಇನ್ನಷ್ಟು ಬರಿದು ಮಾಡುವುದು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ. ನಾನು ರಾತ್ರಿಯೂಟಕ್ಕೆ ಮರಳಿದೆ. ಬೇಳೆ, ಮೊಸರು ಹೆಚ್ಚಿಸಿದೆ. ಲೆಕ್ಕಕ್ಕೆ ಹಿಡಿಯದಿದ್ದ ಶಾಖೆಯ ನಾಲ್ಕು ಸಕ್ಕರೆ ಚಹಾ ಎರಡಾದವು. (ಭಾನುವಾರದ ಮಿಸಳ ಬಿಡಿರೆಂದು ನಾಸಿಕದಲ್ಲಿದ್ದುಕೊಂಡು ಹೇಳುವ ಧೈರ್ಯ ನನಗಿಲ್ಲ.) ಅದೇ 12 ನಮಸ್ಕಾರಗಳಿಗೆ ಮೈ ಒಗ್ಗಿಹೋಗಿತ್ತು. ವಾರಕ್ಕೆ ಮೂರು ದಿನ ದಂಡ-ಬೈಠಕ್ ಸೇರಿಸಿದೆ. ರಜೆಯ ದಿನ ಪಾಂಡವಲೇಣಿಯ ಮೆಟ್ಟಿಲು ಹತ್ತತೊಡಗಿದೆ.

ಸೊಂಟದ ಅಳತೆಯನ್ನೂ ಬರೆದಿಡಬೇಕು. ಭಾರತೀಯ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು ಮಿತಿಯೆಂದು ವೈದ್ಯರು ಹೇಳುತ್ತಾರೆ. ಮುಂದಿನ ತಿಂಗಳು ತೂಕ ಇಳಿದದ್ದು ಅರ್ಧ ಕಿಲೋ ಮಾತ್ರ. ಸೊಂಟ ಎರಡು ಸೆಂಟಿಮೀಟರು ಕುಗ್ಗಿತ್ತು.

ಸಂಭಾಜಿನಗರದ ಹಳೆಯ ಸಹೋದ್ಯೋಗಿಯೊಬ್ಬರು ಈಗ ಇದೇ ಘಟ್ಟದಲ್ಲಿದ್ದಾರೆ. ರಾತ್ರಿಯೂಟ ಬಿಡಬೇಡಿರೆಂದು ನಿನ್ನೆಯೇ ಅವರಿಗೆ ತಿಳಿಸಿದ್ದೇನೆ.