ಆಟದ ಬಂದೂಕು ಮತ್ತು ಕಣ್ಣಿನ ಕಾಪು

ಮನುಷ್ಯನ ಮುಖವನ್ನು ಸಾವಧಾನದಿಂದ ನೋಡಿದರೆ, ಕಣ್ಣನ್ನು ಕಾಯುವುದಕ್ಕೆ ಪ್ರಕೃತಿಯು ಎಷ್ಟು ಕಾಳಜಿ ವಹಿಸಿದೆ ಎಂಬುದು ತಿಳಿಯುತ್ತದೆ. ಮೇಲೆ ಹುಬ್ಬಿನ ಎಲುಬು, ಕೆಳಗೆ ಕೆನ್ನೆಯ ಎಲುಬು, ಒಳಮಗ್ಗುಲಿಗೆ ಮೂಗಿನ ದಿಂಡು, ಹೊರಮಗ್ಗುಲಿಗೆ ಕಣತಲೆಯ ಅಂಚು. ಈ ನಾಲ್ಕು ಗೋಡೆಗಳ ನಡುವಣ ಕುಣಿಯಲ್ಲಿ, ಕೊಬ್ಬಿನ ಮೆತ್ತೆಯ ಮೇಲೆ, ಕಣ್ಣುಗುಡ್ಡೆಯು ಕುಳಿತಿದೆ. ಮಗುವು ಹೊಸ್ತಿಲು ಎಡವಿ ಬಿದ್ದಾಗ ಹುಬ್ಬು ಒಡೆಯುತ್ತದೆ, ಕೆನ್ನೆ ಬಾಯುತ್ತದೆ. ಕಣ್ಣು ಮಾತ್ರ ಉಳಿಯುತ್ತದೆ. "ಕಣ್ಣು ಉಳಿಯಿತಲ್ಲ, ಅಷ್ಟೇ ಪುಣ್ಯ" ಎಂದು ಮನೆಯ ಹಿರಿಯರು ಹೇಳುವ ಮಾತಿನ ಹಿಂದೆ ಈ ಎಲುಬಿನ ಕೋಟೆಯ ಉಪಕಾರವಿದೆ.

ಆದರೆ ಈ ಕೋಟೆಗೂ ಒಂದು ಮಿತಿಯುಂಟು. ಬೆಳೆದವರ ಕಣ್ಣಿನ ಕುಣಿಯ ಬಾಯಿ ಸುಮಾರು 40 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಎತ್ತರ. ಇದಕ್ಕಿಂತ ದೊಡ್ಡದಾದ ವಸ್ತುವನ್ನು ಎಲುಬು ಬಹುಮಟ್ಟಿಗೆ ತಡೆಯುತ್ತದೆ. ಚಿಕ್ಕದಾದುದಕ್ಕೆ ಅಲ್ಲಿ ಬಾಗಿಲೇ ಇಲ್ಲ. ಚಿಣಿಪಣಿಯ ಚಿಣಿ, ಕವಣೆಯ ಹರಳು, ಬಿದಿರಿನ ಬಾಣ ಇವುಗಳಿಂದ ಹಿಂದೆ ಎಷ್ಟೋ ಕಣ್ಣುಗಳು ಹೋದದ್ದು ಇದೇ ಕಾರಣಕ್ಕಾಗಿ. ಈಗ ಆ ಸಾಲಿಗೆ 6 ಮಿಲಿಮೀಟರ್ ಗಾತ್ರದ ಪ್ಲಾಸ್ಟಿಕ್ ಗುಂಡು ಸೇರಿದೆ.

ಈ ಸಂಗತಿಯನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವುಂಟು. ಐನಾಪುರದ ಕಡೆಯ ತಾಯಿಯೊಬ್ಬರು ನಮ್ಮನ್ನು ಕೇಳಿದರು. ಅವರ ಮಗ ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ರಜೆಯ ದಿನ ಗೆಳೆಯರೊಡನೆ ಬಂದೂಕಿನ ಆಟಕ್ಕೆ ಹೋಗುತ್ತಾನೆ. ಅವನನ್ನು ನೋಡಿ ಮನೆಯಲ್ಲಿರುವ ಒಂಬತ್ತು ವರ್ಷದ ತಮ್ಮನೂ ಜಾತ್ರೆಯಲ್ಲಿ ಗುಂಡು ಹಾರುವ ಪಿಸ್ತೂಲು ಬೇಕೆಂದು ಹಟ ಹಿಡಿದಿದ್ದಾನೆ. "ಇಬ್ಬರೂ ಕೇಳೂದಿಲ್ರೀ ಅಜ್ಜಾರ, ಬ್ಯಾಡ ಅನ್ನಲೋ, ಹೂಂ ಅನ್ನಲೋ?" ಎಂಬುದು ಆ ತಾಯಿಯ ಪ್ರಶ್ನೆ. ಒಂದು ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ ಇದಲ್ಲ. ಆದುದರಿಂದ ವಿಷಯವನ್ನು ಬಿಡಿಸಿ ನೋಡೋಣ.

ದೊಡ್ಡ ಮಗ ಆಡುವ ಆಟಕ್ಕೆ ಏರ್‌ಸಾಫ್ಟ್ ಎಂದು ಹೆಸರು. ಜಪಾನಿನಲ್ಲಿ 1970ರ ದಶಕದಲ್ಲಿ ರೂಪುಗೊಂಡು ಬೇರೆ ದೇಶಗಳಿಗೆ ಹಬ್ಬಿದ ಆಟವಿದು. ನಿಜವಾದ ಬಂದೂಕಿನಂತೆಯೇ ಕಾಣುವ, ಆದರೆ ಸ್ಪ್ರಿಂಗ್, ಬ್ಯಾಟರಿ ಅಥವಾ ಅನಿಲದ ಒತ್ತಡದಿಂದ ಪ್ಲಾಸ್ಟಿಕ್ ಗುಂಡನ್ನು ಹಾರಿಸುವ ಸಾಧನವನ್ನು ಹಿಡಿದು ಎರಡು ಪಂಗಡದವರು ಪರಸ್ಪರ ಗುರಿಯಿಡುತ್ತಾರೆ. ಚಿಕ್ಕವನು ಕೇಳುವ ಪಿಸ್ತೂಲು ಇದರದೇ ಅಗ್ಗದ ತಮ್ಮ. ಭಾರತ ಹುಣ್ಣಿಮೆಯ ಚಿಂಚಲಿ ಮಾಯಕ್ಕನ ಜಾತ್ರೆಯಿರಲಿ, ಕೊಕಟನೂರಿನ ಎಲ್ಲಮ್ಮನ ಜಾತ್ರೆಯಿರಲಿ, ಮಂಗಸೂಳಿಯ ಖಂಡೋಬನ ಜಾತ್ರೆಯಿರಲಿ, ಬೆಂಡು ಬತ್ತಾಸಿನ ಅಂಗಡಿಯ ಮಗ್ಗುಲಲ್ಲೇ ಆಟಿಕೆಯ ಅಂಗಡಿ ಇರುತ್ತದೆ. ಅಲ್ಲಿ ಮಕ್ಕಳ ಕಣ್ಣು ಮೊದಲು ಬೀಳುವುದು ಬಂದೂಕಿನ ಮೇಲೆ.

ಏರ್‌ಸಾಫ್ಟ್ ಗುಂಡು ಸಾಮಾನ್ಯವಾಗಿ 0.20 ಗ್ರಾಂ ತೂಗುತ್ತದೆ. ಕೈಯಲ್ಲಿ ಹಿಡಿದರೆ ಜೋಳದ ಕಾಳಿನಷ್ಟೇ ಅನಿಸೀತು. ಆದರೆ ಅದು ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಂಟೆಯ ಲೆಕ್ಕದಲ್ಲಿ ಇದು 360 ಕಿಲೋಮೀಟರ್. ಆಗ ಅದರಲ್ಲಿರುವ ಶಕ್ತಿ ಒಂದು ಜೂಲ್. ನೂರು ಗ್ರಾಂ ತೂಕದ ಬಟ್ಟನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಬೀಳುವ ಪೆಟ್ಟಿಗೆ ಇದು ಸಮ. ಬೆನ್ನಿಗೆ ತಗುಲಿದರೆ ಚುರುಕ್ಕೆನ್ನುವ ಈ ಪೆಟ್ಟು, ಕಣ್ಣಿನ ಮೇಲೆ ಜೋಳದ ಕಾಳಿನಷ್ಟು ಜಾಗದಲ್ಲಿ ಬಿದ್ದರೆ ಏನಾದೀತು? ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ರೆಪ್ಪೆ ಕಾಯುತ್ತದೆ ಎನ್ನೋಣವೆ? ರೆಪ್ಪೆ ಬಡಿಯಲು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಬೇಕು. ಅಷ್ಟರೊಳಗೆ ಗುಂಡು ಹತ್ತು ಮೀಟರಿನಷ್ಟು ದೂರ ಸಾಗಿರುತ್ತದೆ.

ಪೆಟ್ಟು ಬಿದ್ದ ಕೂಡಲೆ ಕಣ್ಣಿನ ಮುಂಕೋಣೆಯಲ್ಲಿ ರಕ್ತ ತುಂಬಬಹುದು. ಒಳಗಿನ ಮಸೂರವು ಮಂಕಾಗಿ, ಮುದುಕರಿಗೆ ಬರುವ ಪೊರೆ ಹುಡುಗನಿಗೇ ಬರಬಹುದು. ಹಿಂಬದಿಯ ಅಕ್ಷಿಪಟಲವು ಹರಿಯಬಹುದು ಅಥವಾ ಕಳಚಬಹುದು. ಇನ್ನೊಂದು ಅಪಾಯ ಕಳ್ಳನಂತೆ ಬರುವಂಥದು: ಕಣ್ಣಿನ ನೀರು ಹೊರಹೋಗುವ ಮೂಲೆಗೆ ಪೆಟ್ಟಾಗಿದ್ದರೆ, ಎಷ್ಟೋ ವರ್ಷಗಳ ಮೇಲೆ ಒತ್ತಡ ಏರಿ ಗ್ಲಾಕೋಮಾ ಕಾಣಿಸಿಕೊಂಡು ದೃಷ್ಟಿಯನ್ನು ಕಸಿಯುತ್ತದೆ. ಬಾಲ್ಯದ ಆಟದ ಸಾಲವನ್ನು ನಡುವಯಸ್ಸಿನಲ್ಲಿ ತೀರಿಸಬೇಕಾದ ಪರಿ ಇದು.

ಬೀಳಗಿಯಲ್ಲಿ 1916ರಲ್ಲಿ ಜನಿಸಿ 2005ರಲ್ಲಿ ನಮ್ಮನ್ನಗಲಿದ ನೇತ್ರವೈದ್ಯ ಡಾ. ಎಂ. ಸಿ. ಮೋದಿಯವರನ್ನು ಈ ನಾಡು ಮರೆಯುವಂತಿಲ್ಲ. ಊರೂರಿಗೆ ಶಿಬಿರ ಕೊಂಡೊಯ್ದು ಅವರು ಲಕ್ಷಾಂತರ ಬಡವರ ಕಣ್ಣಿನ ಪೊರೆ ತೆಗೆದರು. ಅದರಿಂದಾಗಿ, ಕಣ್ಣು ಕೆಟ್ಟರೆ ವೈದ್ಯರು ಕೊಡುತ್ತಾರೆ ಎಂಬ ಭರವಸೆ ನಮ್ಮ ಜನರಲ್ಲಿ ನೆಲೆಸಿತು. ಆದರೆ ವಯಸ್ಸಿನ ಪೊರೆ ತೆಗೆಯುವುದು ಬೇರೆ, ಪೆಟ್ಟಿನಿಂದ ಜಜ್ಜಿದ ಕಣ್ಣನ್ನು ಕೂಡಿಸುವುದು ಬೇರೆ. ಮಂಕಾದ ದೀಪದ ಗಾಜನ್ನು ಒರೆಸಬಹುದು. ಒಡೆದ ದೀಪಕ್ಕೆ ಏನು ಮಾಡೋಣ?

"ನಮ್ಮ ಹುಡುಗ ಚುರುಕು, ತಪ್ಪಿಸಿಕೊಳ್ಳುತ್ತಾನೆ" ಎನ್ನುವವರುಂಟು. 2000ದ ಮೇ ತಿಂಗಳಲ್ಲಿ ಢಾಕಾದಲ್ಲಿ ನಡೆದ ಏಷ್ಯಾ ಕಪ್ ಪಂದ್ಯದಲ್ಲಿ ನಮ್ಮ ಅನಿಲ್ ಕುಂಬ್ಳೆಯವರ ಎಸೆತಕ್ಕೆ ವಿಕೆಟ್ ಕಾಯುತ್ತಿದ್ದ ಸಬಾ ಕರೀಂ ಅವರ ಬಲಗಣ್ಣಿಗೆ ಚೆಂಡು ಬಡಿಯಿತು. ಆ ವರ್ಷವೇ ಒಂದು ಟೆಸ್ಟ್ ಪಂದ್ಯವಾಡಿದರಾದರೂ ಅವರ ಆಟದ ಬದುಕು ಅಲ್ಲಿಗೆ ಮುಗಿಯಿತು. 2012ರ ಜುಲೈಯಲ್ಲಿ ಇಂಗ್ಲೆಂಡಿನ ಟಾಂಟನ್‌ನಲ್ಲಿ, ಹೆಲ್ಮೆಟ್ ಧರಿಸದೆ ವಿಕೆಟ್ ಹಿಂದೆ ನಿಂತಿದ್ದ ದಕ್ಷಿಣ ಆಫ್ರಿಕದ ಮಾರ್ಕ್ ಬೌಚರ್ ಅವರ ಎಡಗಣ್ಣಿಗೆ ಹಾರಿಬಂದ ಬೇಲ್ ಬಡಿದು ಅವರೂ ನಿವೃತ್ತರಾಗಬೇಕಾಯಿತು. ದಿನವೂ ಚೆಂಡು ಹಿಡಿಯುವವರ ಚುರುಕು ಅವರನ್ನು ಕಾಯಲಿಲ್ಲ. ಕಾಯುವುದು ಕಾಪು ಮಾತ್ರ.

ಹಾಗಾದರೆ ಕಾಪು ಎಂಥದಿರಬೇಕು? ನಮ್ಮ ಸೀಮೆಯಲ್ಲಿ ಕಣ್ಣಿಗೆ ಹಾಕುವ ಕಪ್ಪು ಕನ್ನಡಕಕ್ಕೆಲ್ಲ ಗಾಗಲ್ ಎನ್ನುವುದು ರೂಢಿ. ಬಿಸಿಲಿಗೆ ಹಾಕುವ ಗಾಗಲ್ ಬೇರೆ, ಪೆಟ್ಟು ತಡೆಯುವ ಗಾಗಲ್ ಬೇರೆ. ಬಿಸಿಲಿನದು ಗುಂಡು ತಗುಲಿದೊಡನೆ ಚೂರಾಗಿ ಆ ಚೂರುಗಳೇ ಕಣ್ಣಿಗೆ ನೆಡಬಹುದು. ದಿನನಿತ್ಯ ಓದುವುದಕ್ಕೆ ಹಾಕುವ ಚಷ್ಮಾ ಕೂಡ ಕಾಪಲ್ಲ; ಅದರ ಬದಿಗಳೆಲ್ಲ ತೆರೆದಿರುತ್ತವೆ. ಚಷ್ಮಾ ಇದ್ದವರು ಅದರ ಮೇಲೆಯೇ ಕೂರುವಂಥ ದೊಡ್ಡ ಗಾಗಲ್ ತೊಡಬೇಕು.

ಪೆಟ್ಟು ತಡೆಯುವ ಗಾಗಲ್ಲಿನ ಪಟಲವನ್ನು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. 1953ರಲ್ಲಿ ಕಂಡುಹಿಡಿಯಲಾದ ಈ ಪದಾರ್ಥದ ಗುಣವೆಂದರೆ, ಪೆಟ್ಟಿಗೆ ಅದು ಚೂರಾಗುವ ಬದಲು ಬಾಗಿ ತಗ್ಗು ಬೀಳುತ್ತದೆ. ಕೊಳ್ಳುವಾಗ ಅಂಗಡಿಯವನ ಮಾತಿಗಿಂತ ಚೌಕಟ್ಟಿನ ಮೇಲಿನ ಗುರುತನ್ನು ನಂಬಬೇಕು. ಯುರೋಪಿನ ಇಎನ್ 166 ಎಂಬ ಮಾನದಂಡದಲ್ಲಿ 0.86 ಗ್ರಾಂ ತೂಕದ ಉಕ್ಕಿನ ಗುಂಡನ್ನು ಹಾರಿಸಿ ಪರೀಕ್ಷಿಸುತ್ತಾರೆ. 'ಎಫ್' ಎಂಬ ಅಕ್ಷರವಿದ್ದರೆ ಅದು ಸೆಕೆಂಡಿಗೆ 45 ಮೀಟರ್ ವೇಗದ ಗುಂಡನ್ನು ತಡೆದಿದೆ. 'ಬಿ' ಇದ್ದರೆ 120 ಮೀಟರ್ ವೇಗದ್ದನ್ನು. ಲೆಕ್ಕ ಹಾಕಿದರೆ ಎಫ್ ಗುರುತಿನ ಪರೀಕ್ಷೆಯ ಶಕ್ತಿ ಒಂದು ಜೂಲಿಗೂ ಕಡಿಮೆ, ಬಿ ಗುರುತಿನದು ಆರು ಜೂಲಿಗೂ ಮಿಗಿಲು. ಆಟದ ಗುಂಡಿನ ಶಕ್ತಿ ಒಂದು ಜೂಲ್ ಎಂದು ಮೇಲೆ ಕಂಡೆವಷ್ಟೆ. ಆದುದರಿಂದ ಬಿ ಗುರುತಿನದೇ ತಕ್ಕದ್ದು. ಅಮೆರಿಕದಲ್ಲಿ ಈ ಆಟಕ್ಕೆಂದೇ ಎಎಸ್‌ಟಿಎಂ ಎಫ್ 2879 ಎಂಬ ಮಾನದಂಡವಿದೆ. ಬಣ್ಣದ ಗುಂಡು ಹಾರಿಸುವ ಪೇಂಟ್‌ಬಾಲ್ ಆಟದ ಗುಂಡು ಮೂರು ಗ್ರಾಂ ತೂಗುವುದರಿಂದ ಅದರ ಪೆಟ್ಟು ಹತ್ತು ಪಟ್ಟಿಗೂ ಹೆಚ್ಚು. ಅದಕ್ಕೆ ಎಫ್ 1776 ಎಂಬ ಬೇರೆ ಗುರುತಿನ, ಇಡೀ ಮುಖ ಮುಚ್ಚುವ ಕವಚವೇ ಬೇಕು.

ಗಾಗಲ್ಲಿನ ಅಂಚು ಸುತ್ತಲೂ ಮುಖಕ್ಕೆ ಅಂಟಿಕೊಂಡಿರಬೇಕು. ಎಲ್ಲಿಯೂ 6 ಮಿಲಿಮೀಟರ್ ಸಂದು ಇರಕೂಡದು. ತಲೆಯ ಹಿಂದೆ ಪಟ್ಟಿ ಇರಬೇಕು. ಕಿವಿಗೆ ಸಿಕ್ಕಿಸುವುದು ಓಟದಲ್ಲಿ ಬಿದ್ದುಹೋಗುತ್ತದೆ. ಬೆವರಿನ ಮಂಜು ಕಟ್ಟುವುದಿಲ್ಲವೆಂದು ಕೆಲವರು ತಂತಿಯ ಜಾಲರಿಯ ಗಾಗಲ್ ಮೆಚ್ಚುತ್ತಾರೆ. ಗುಂಡು ಒಡೆದರೆ ಅದರ ಚೂರು ಜಾಲರಿಯೊಳಗೆ ನುಸುಳುತ್ತದೆ ಎಂಬುದನ್ನು ಅವರು ಮರೆಯಬಾರದು. ಜಾಲರಿಯು ಬಾಯಿ ಕೆನ್ನೆಗಳಿಗೆ ಸಾಕು, ಕಣ್ಣಿಗಲ್ಲ. ಮುಂಬಲ್ಲು ಮುರಿದರೆ ಮತ್ತೆ ಬರುವುದಿಲ್ಲವಾದ್ದರಿಂದ ಬಾಯಿಗೂ ಮುಚ್ಚಿಗೆ ಅವಶ್ಯ. ಕಿವಿ ಮುಚ್ಚಿದರೆ ಇನ್ನೂ ಮೇಲು. ಗಾಗಲ್ಲನ್ನು ಸೀಮೆಎಣ್ಣೆ, ಥಿನ್ನರ್ ಹಚ್ಚಿ ಒರೆಸಿದರೆ ಪಾಲಿಕಾರ್ಬೊನೇಟ್ ಒಳಗೊಳಗೇ ಬಿರುಕು ಬಿಡುತ್ತದೆ. ನೀರು, ಸಾಬೂನು, ಮೆತ್ತನೆಯ ಬಟ್ಟೆ ಇಷ್ಟೇ ಸಾಕು. ಆಳವಾದ ಗೀರು ಬಿದ್ದುದನ್ನು, ಬಲವಾದ ಪೆಟ್ಟು ತಿಂದುದನ್ನು ಬದಲಿಸಬೇಕು.

ಆದರೆ ಎಷ್ಟು ಒಳ್ಳೆಯ ಗಾಗಲ್ ಆದರೂ ಹಣೆಯ ಮೇಲೆ ಏರಿಸಿಕೊಂಡರೆ ವ್ಯರ್ಥ. ಮಂಜು ಕಟ್ಟಿತೆಂದು ಆಟದ ನಡುವೆ ಎತ್ತಿ ಒರೆಸುವ ಕ್ಷಣವೇ ಅಪಾಯದ ಕ್ಷಣ. ಆಟದ ಬಯಲಿನಿಂದ ಹೊರಗೆ ಬಂದು, ಎಲ್ಲರ ಬಂದೂಕಿನ ಬಾಯಿಗೆ ಮುಚ್ಚಳ ಬಿದ್ದ ಮೇಲೆಯೇ ಅದನ್ನು ತೆಗೆಯಬೇಕು. ಆಡುವವರಷ್ಟೇ ಅಲ್ಲ, ನಿಂತು ನೋಡುವವರೂ ತೊಡಬೇಕು. ಮನೆಯಲ್ಲಿ ಗುಂಡು ತಗಲುವುದು ಬಹುಶಃ ಬಂದೂಕು ಹಿಡಿದವನಿಗಲ್ಲ, ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿರುವ ತಂಗಿಗೆ, ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿರುವ ಅಜ್ಜಿಗೆ.

ಯಾವ ಗಾಗಲ್ಲೂ ಸಾಲದ ಆಟಗಳೂ ಇವೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಕಾರ್ಬೈಡ್ ಬಂದೂಕು ಎಂಬ ಪಿಡುಗು ಹಬ್ಬಿತು. ಪಿವಿಸಿ ಪೈಪಿನೊಳಗೆ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಹಾಕಿದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಲೈಟರಿನ ಕಿಡಿಗೆ ಅದು ಸಿಡಿಯುತ್ತದೆ. ಸಿಡಿಯಲಿಲ್ಲವೇಕೆಂದು ಪೈಪಿನೊಳಗೆ ಇಣುಕಿದ ಮಕ್ಕಳ ಮುಖಕ್ಕೇ ಅದು ಸಿಡಿಯಿತು. ಭೋಪಾಲ ಮೊದಲಾದ ಊರುಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಕಣ್ಣಿನ ಗಾಯದಿಂದ ಆಸ್ಪತ್ರೆ ಸೇರಿದರು. ಕೆಲವರ ದೃಷ್ಟಿಯೇ ಹೋಯಿತು. ಇಂಥದನ್ನು ಮನೆಯ ಹತ್ತಿರಕ್ಕೂ ಬಿಟ್ಟುಕೊಳ್ಳಬಾರದು. ಸೀಸದ ಗುಂಡಿನ ಏರ್‌ಗನ್ನೂ ಆಟಿಕೆಯಲ್ಲ.

ಕಾಪು ತೊಡಲು ಹುಡುಗರು ನಾಚುತ್ತಾರೆಂದು ದೂರುವ ತಂದೆಯಂದಿರಿಗೆ ನಮ್ಮದೊಂದು ವಿನಂತಿ. ಕಬ್ಬಿನ ಕಟಾವಿನಲ್ಲಿ ರವದಿಯ ನಡುವೆ ಬಗ್ಗುವಾಗ ನೀವು ಕಣ್ಣಿಗೆ ಏನು ತೊಡುತ್ತೀರಿ? ಕಬ್ಬಿನ ಎಲೆಯ ಅಲಗು ಗೀರಿದ ಕಣ್ಣಿಗೆ ಶಿಲೀಂಧ್ರ ಹತ್ತಿ ಹುಣ್ಣಾಗಿ, ಬಿಳಿ ಹೂ ಬಿದ್ದು ದೃಷ್ಟಿ ಕಳೆದುಕೊಂಡ ರೈತರು ನಮ್ಮ ನಾಡಿನಲ್ಲಿ ಕಡಿಮೆಯೇನಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ, ಕಲ್ಲು ಒಡೆಯುವಲ್ಲಿ, ಚಕ್ರಕ್ಕೆ ಕೊಡಲಿ ಹಿಡಿದು ಮಸೆಯುವಲ್ಲಿ ಬರಿಗಣ್ಣಿನಿಂದ ನಿಂತ ತಂದೆಯು ಮಗನಿಗೆ ಗಾಗಲ್ ತೊಡು ಎಂದರೆ ಆ ಮಾತಿಗೆ ತೂಕ ಬರುವುದಿಲ್ಲ. ತಾನು ತೊಟ್ಟು ತೋರಿಸಿದರೆ ಹೇಳುವ ಅಗತ್ಯವೇ ಬೀಳುವುದಿಲ್ಲ.

ಇಷ್ಟಾದರೂ ಕಣ್ಣಿಗೆ ಪೆಟ್ಟು ಬಿದ್ದರೆ ಉಜ್ಜಬಾರದು, ಒತ್ತಬಾರದು. ಬಟ್ಟೆಯ ಉಂಡೆಗೆ ಬಾಯಾವಿ ಕೊಟ್ಟು ಶಾಖ ಕೊಡಬಾರದು. ತುಪ್ಪ, ಜೇನು, ಎದೆಹಾಲು ಹಾಕಬಾರದು. ನೆಟ್ಟ ಚೂರನ್ನು ಕೀಳಬಾರದು. ಚೊಕ್ಕ ಕಾಗದದ ಲೋಟವನ್ನು ಕಣ್ಣಿಗೆ ತಾಗದಂತೆ ಎಲುಬಿನ ಮೇಲೆ ಆನಿಸಿ ಪಟ್ಟಿ ಕಟ್ಟಿ, ತಲೆ ಎತ್ತರದಲ್ಲಿರುವಂತೆ ಕೂರಿಸಿಕೊಂಡು, ಅಂದೇ ಮಿರಜಕ್ಕೋ ಬೆಳಗಾವಿಗೋ ನೇತ್ರವೈದ್ಯರಲ್ಲಿಗೆ ಒಯ್ಯಬೇಕು. ನೋವು ಇಳಿಯಿತೆಂದು ನಾಳೆಗೆ ತಳ್ಳಬಾರದು. ಸುಣ್ಣ, ಕಾರ್ಬೈಡ್ ಬಿದ್ದಿದ್ದರೆ ಮಾತ್ರ ಮೊದಲ ಕೆಲಸ ನೀರು: ಕಣ್ಣು ಬಿಡಿಸಿ ಅರ್ಧ ಗಂಟೆ ಧಾರಾಳವಾಗಿ ಸುರಿದು ತೊಳೆದು, ಆಮೇಲೆ ಹೊರಡಬೇಕು. ಒಮ್ಮೆ ಪೆಟ್ಟು ತಿಂದ ಕಣ್ಣನ್ನು ವಾಸಿಯಾದ ಮೇಲೂ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು.

ಈಗ ಆ ತಾಯಿಗೆ ನಮ್ಮ ಉತ್ತರ. ದೊಡ್ಡವನಿಗೆ ಬೇಡವೆನ್ನಬೇಡಿರಿ, ಬೇಡವೆಂದರೆ ಹೇಳದೆ ಹೋದಾನು. ಗಾಗಲ್ಲಿನ ಮೇಲೆ ಯಾವ ಗುರುತಿದೆ, ಮುಖದ ಕೆಳಭಾಗಕ್ಕೆ ಏನಿದೆ ಎಂದು ಕೇಳಿರಿ. ಬಯಲಿನವರು ಕೊಡುವುದು ಸವೆದಿದ್ದರೆ ಸ್ವಂತದ್ದೊಂದನ್ನು ಕೊಡಿಸಿರಿ. ಚಿಕ್ಕವನಿಗೆ ಗುಂಡು ಹಾರುವ ಪಿಸ್ತೂಲು ಈಗ ಬೇಡವೇ ಬೇಡ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆ ಗುರುತಿಲ್ಲದ್ದನ್ನು ಜಾತ್ರೆಯಲ್ಲಾದರೂ ಕೊಳ್ಳಬೇಡಿರಿ. ಅವನು ಅತ್ತರೆ ಅಳಲಿ. ಅತ್ತ ಕಣ್ಣು ಸಂಜೆಗೆ ಒಣಗುತ್ತದೆ. ಹೋದ ಕಣ್ಣು ಮರಳಿ ಬರುವುದಿಲ್ಲ. ದೊಡ್ಡವನಾದ ಮೇಲೆ ಅವನೂ ಅಣ್ಣನೊಡನೆ ಹೋಗುವುದಾದರೆ, ಮನೆಗೆ ಮೊದಲು ಗಾಗಲ್ ಬರಲಿ, ಬಂದೂಕು ಆಮೇಲೆ.