ಮನೆಯ ಮಾತು: ಅಂಗೈಯ ಗಣಕಯಂತ್ರದ ಪರೀಕ್ಷೆ

ವಾಚಕ ಮಹಾಶಯರೊಬ್ಬರು ನಮ್ಮನ್ನು ಕೇಳಿರುವರು: “ಮನೆಯ ಲೆಕ್ಕಪತ್ರಕ್ಕೂ ನಿತ್ಯದ ವ್ಯವಹಾರಕ್ಕೂ ಒದಗುವಂತಹ, ಜೇಬಿನಲ್ಲಿ ಹಿಡಿಯುವ, ಮಿತವಾದ ಬೆಲೆಯ ಗಣಕಯಂತ್ರವೊಂದನ್ನು ಕೊಳ್ಳಬೇಕೆಂದಿದ್ದೇವೆ. ಹೇಗೆ ಪರೀಕ್ಷಿಸಿ ಕೊಳ್ಳುವುದು?” ಉತ್ತರ ಬರೆಯಲು ಕುಳಿತಾಗ, ಇಪ್ಪತ್ತು ವರ್ಷಗಳ ಹಿಂದೆ ನಾವೇ ನಡೆಸಿದ ಇಂತಹುದೇ ಒಂದು ಪರೀಕ್ಷೆಯೂ, ಅದರಲ್ಲಿ ಪರೀಕ್ಷಕರಾದ ನಾವೇ ನಪಾಸಾದುದೂ ಜ್ಞಾಪಕಕ್ಕೆ ಬಂದುವು. ಆ ಕಥೆಯನ್ನು ಮೊದಲು ಹೇಳುವುದು ನ್ಯಾಯ.

ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ಅಂಗೈಯ ಗಣಕವೊಂದುಂಟು. ಅದರ ಹೆಸರು ಸಿಂಪ್ಯೂಟರ್. 1998ರಲ್ಲಿ ಈ ನಗರದಲ್ಲಿ ನಡೆದ ಒಂದು ವಿಚಾರಗೋಷ್ಠಿಯಲ್ಲಿ ಅದರ ಕಲ್ಪನೆ ಮೊಳೆಯಿತು. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರೂ, ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೂ ಕೂಡಿ, ಇದಕ್ಕಾಗಿ ಒಂದು ಟ್ರಸ್ಟನ್ನು ಸ್ಥಾಪಿಸಿ, 2001ರಲ್ಲಿ ಯಂತ್ರದ ಮಾದರಿಯನ್ನು ಲೋಕಕ್ಕೆ ತೋರಿಸಿದರು. ಸರಳವಾಗಿರಬೇಕು, ಅಗ್ಗವಾಗಿರಬೇಕು, ಹಲವು ಭಾಷೆಗಳನ್ನು ಅರಿತಿರಬೇಕು ಎಂಬ ಗುಣಗಳನ್ನು ಅದರ ಹೆಸರಿನ ಅಕ್ಷರಗಳಲ್ಲಿಯೇ ಅಡಗಿಸಿದ್ದರು.

ಅಕ್ಷರ ಬಾರದವರಿಗೂ ಅದು ಉಪಯೋಗವಾಗಬೇಕೆಂಬುದು ಮೂಲೋದ್ದೇಶ. ಆದುದರಿಂದ ಅದಕ್ಕೆ ಕೀಲಿಮಣೆಯ ಹಂಗಿಲ್ಲ. ಕಡ್ಡಿಯಿಂದ ತೆರೆಯನ್ನು ಮುಟ್ಟಿದರೆ ಸಾಕು. ಬರೆಹವನ್ನು ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವು ಈ ಪ್ರಯತ್ನದಲ್ಲಿಯೇ ಹುಟ್ಟಿತು. ಊರಿಗೆ ಒಂದು ಯಂತ್ರವಿದ್ದು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಸ್ಮಾರ್ಟ್ ಕಾರ್ಡು ಇದ್ದರೆ, ಬಡವರೂ ಹಂಚಿಕೊಂಡು ಬಳಸಬಹುದೆಂಬುದು ಅವರ ಹಂಚಿಕೆ. 2004ರಲ್ಲಿ ಪಿಕೋಪೆಟಾ ಎಂಬ ಸಂಸ್ಥೆಯವರು ‘ಅಮಿಡ’ ಎಂಬ ಹೆಸರಿನ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದರು. ಅದನ್ನು ತಯಾರಿಸಿದುದು ನಮ್ಮ ಬಿ.ಇ.ಎಲ್. ಕಾರ್ಖಾನೆ. ಬೆಲೆ ಹತ್ತು ಸಾವಿರ ರೂಪಾಯಿಗಳ ಆಸುಪಾಸಿನಿಂದ ಮೇಲಕ್ಕೆ.

ಆ ವರ್ಷ ನಮ್ಮ ಹಳೆಯ ಶಿಷ್ಯನೊಬ್ಬನು ಅಂತಹುದೊಂದನ್ನು ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ತಂದು, “ಗುರುಗಳೇ, ಒಂದು ವಾರ ಇಟ್ಟುಕೊಂಡು ಪರೀಕ್ಷಿಸಿ ಹೇಳಬೇಕು” ಎಂದು ಕೊಟ್ಟುಹೋದನು. ನಾವು ಅದರಲ್ಲಿ ಹಾಲಿನ ಲೆಕ್ಕ ಬರೆದೆವು. ಕಡ್ಡಿಯಿಂದ ಅಕ್ಷರ ಗೀಚಿದೆವು. ಕೈಯನ್ನು ಓಲಿಸಿದರೆ ಪುಟ ತಿರುಗುವ ಚೋದ್ಯವನ್ನು ಮಕ್ಕಳಿಗೆ ತೋರಿಸಿದೆವು. ವಾರ ಕಳೆದ ಮೇಲೆ ತೀರ್ಪು ಕೊಟ್ಟೆವು: “ಅಪ್ಪಾ, ಈ ಲೆಕ್ಕವನ್ನು ಐದು ರೂಪಾಯಿಯ ಪುಸ್ತಕದಲ್ಲಿ ಬರೆಯಬಹುದು. ಇದಕ್ಕೆ ಹತ್ತು ಸಾವಿರವೇಕೆ?” ಶಿಷ್ಯನು ಮರುಮಾತಾಡದೆ ತೆಗೆದುಕೊಂಡು ಹೋದನು. ನಾವು ಜಾಣತನದ ಮಾತಾಡಿದೆವೆಂದು ಹಿಗ್ಗಿದೆವು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂಬುದು ಸ್ಥಾಲೀಪುಲಾಕ ನ್ಯಾಯ. ಆದರೆ ನಾವು ಹಿಸುಕಿದ ಅಗುಳು ನಮ್ಮ ತಟ್ಟೆಯದು. ಯಾರಿಗಾಗಿ ಆ ಯಂತ್ರವನ್ನು ಮಾಡಿದ್ದರೋ ಅವರ ಕೈಗೆ ಅದನ್ನು ಒಮ್ಮೆಯೂ ಕೊಡದೆ ತೀರ್ಪು ಬರೆದಿದ್ದೆವು. ಇದು ನಮಗೆ ಅರಿವಾದುದು ಕಳೆದ ಶ್ರಾವಣದಲ್ಲಿ.

ಅತ್ತಿಗುಪ್ಪೆಯ ಮೆಟ್ರೋ ನಿಲ್ದಾಣದ ಬಳಿ ಹೂ ಮಾರುವ ತಾಯಿಯೊಬ್ಬಳು ಬೆಳಗ್ಗೆ ನಮ್ಮ ಮನೆಗೂ ಹೂ ಕೊಟ್ಟು ಹೋಗುವಳು. ಈಗ ಆಕೆಯ ಬುಟ್ಟಿಯ ಮುಂದೆಯೂ ಹಣ ಪಡೆಯುವ ಕ್ಯೂಆರ್ ಚೀಟಿ ಉಂಟು. ವರಮಹಾಲಕ್ಷ್ಮಿಯ ಹಬ್ಬದ ಹಿಂದಿನ ದಿನ ಗಿರಾಕಿಯೊಬ್ಬನು ನೂರೈವತ್ತು ರೂಪಾಯಿಯ ಹೂವನ್ನು ಕೊಂಡು, ಹದಿನೈದು ರೂಪಾಯಿ ಕಳುಹಿಸಿ, “ನೋಡಮ್ಮಾ, ಬಂತು” ಎಂದು ತೆರೆಯನ್ನು ತೋರಿಸಿ ನಡೆದನಂತೆ. ಅಂತಹವರು ಎಷ್ಟು ಮಂದಿಯೋ! ರಾತ್ರಿ ಮಗಳು ಲೆಕ್ಕ ನೋಡಿದಾಗ ಅಸಲೇ ಹುಟ್ಟಿರಲಿಲ್ಲ. ಮರುದಿನ ಆಕೆ ನಮ್ಮ ಜಗಲಿಯಲ್ಲಿ ಕುಳಿತು, “ನೋಟಿಗಾದ್ರೆ ಬಣ್ಣ ಐತೆ ಮೇಷ್ಟ್ರೇ, ಕಣ್ಣಿಗೆ ಗೊತ್ತಾಗ್ತದೆ. ಇದಕ್ಕೇನೈತೆ?” ಎಂದಳು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸಿಂಪ್ಯೂಟರ್ ಮಾಡಿದವರು ಕೇಳಿಕೊಂಡಿದ್ದುದು ಇದೇ ಪ್ರಶ್ನೆಯನ್ನು. ಅವರ ಯಂತ್ರವು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ ನಿಜ. ಹೆಚ್ಚು ಮಾರಿದರೆ ಬೆಲೆ ಇಳಿಯುತ್ತಿತ್ತು. ಬೆಲೆ ಇಳಿಯದೆ ಹೆಚ್ಚು ಮಾರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಮನೆಮನೆಯನ್ನು ಹೊಕ್ಕಿತು. ಯಂತ್ರ ಹೋಯಿತು, ಪ್ರಶ್ನೆ ಉಳಿಯಿತು.

ಇಂದು ಏಳೆಂಟು ಸಾವಿರ ರೂಪಾಯಿಗಳಿಗೆ ದೊರೆಯುವ ಫೋನೇ ಬಡವರ ಅಂಗೈಯ ಗಣಕ. ಆದುದರಿಂದ ಈ ಸಲ ಪರೀಕ್ಷೆಯನ್ನು ಆ ತಾಯಿಯ ಕೈಯಿಂದಲೇ ಮಾಡಿಸಿದೆವು. ಅದರಿಂದ ತಿಳಿದುದನ್ನು ವಾಚಕರ ಅನುಕೂಲಕ್ಕಾಗಿ ಬರೆಯುತ್ತೇವೆ.

ಮೊದಲನೆಯದು ಕಣ್ಣು. ಅಂಗಡಿಯಲ್ಲಿಯೇ ಅಕ್ಷರವನ್ನು ದೊಡ್ಡದು ಮಾಡಿಸಿ, ಹೊರಗೆ ಬಿಸಿಲಿಗೆ ತಂದು ನೋಡಬೇಕು. ಒಳಗೆ ಹೊಳೆಯುವ ತೆರೆ ಬೀದಿಯಲ್ಲಿ ಮಂಕಾಗುವುದುಂಟು.

ಎರಡನೆಯದು ಕಿವಿ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಸೌಕರ್ಯವು ತೆರೆಯ ಮೇಲಿನದನ್ನು ಓದಿ ಹೇಳುತ್ತದೆ. ಕನ್ನಡದ ದನಿಯೂ ಉಂಟು. ಆದರೆ ಆಕೆಗೆ ಬರುವ ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿತ್ತು. ಯಂತ್ರವೂ ಇಂಗ್ಲಿಷನ್ನೇ ನುಡಿಯಿತು. “ಮಾತಾಡ್ತದೆ, ಆದ್ರೆ ನನ್ನ ಕೂಡೆ ಅಲ್ಲ” ಎಂದಳು ಆಕೆ. ಅಂಗಡಿಗಳಲ್ಲಿ ಬಂದ ಹಣವನ್ನು ಕನ್ನಡದಲ್ಲಿ ಕೂಗುವ ಪೆಟ್ಟಿಗೆ ಇದಕ್ಕೆ ಸಮೀಪದ ಪರಿಹಾರ. ಅದಕ್ಕೆ ತಿಂಗಳ ಬಾಡಿಗೆ ಎಷ್ಟೆಂದು ಮೊದಲೇ ಕೇಳಬೇಕು.

ಮೂರನೆಯದು ಕೈ. ಕನ್ನಡದಲ್ಲಿ ಬರೆಯಲು ಬರುವುದೇ ಎಂದು ಒತ್ತಕ್ಷರವಿರುವ ಹೆಸರೊಂದನ್ನು ಬರೆದು ನೋಡಬೇಕು; ಬರೆಯಲಾರದವರು ಬಾಯಿಂದ ಹೇಳಿ ಬರೆಯಿಸಿ ನೋಡಬೇಕು.

ನಾಲ್ಕನೆಯದು ಗುಟ್ಟು. ರಹಸ್ಯ ಸಂಖ್ಯೆಯನ್ನು ಒತ್ತುವುದು ಹಣ ಕೊಡುವುದಕ್ಕೇ ಹೊರತು, ಪಡೆಯುವುದಕ್ಕೆ ಎಂದೂ ಅಲ್ಲ. ಈ ಒಂದು ವಾಕ್ಯವನ್ನು ಮನೆಯ ಹಿರಿಯರಿಗೂ ಕೆಲಸದವರಿಗೂ ಬಾಯಿಪಾಠ ಮಾಡಿಸತಕ್ಕುದು. ಮೋಸವಾದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ಐದನೆಯದು ಕಾಸು. ಕೊಳ್ಳುವ ಬೆಲೆಯೊಂದೇ ಬೆಲೆಯಲ್ಲ. ತಿಂಗಳ ರೀಚಾರ್ಜು, ಒಡೆದ ತೆರೆಯ ರಿಪೇರಿ, ಎಷ್ಟು ವರ್ಷ ತಂತ್ರಾಂಶದ ರಕ್ಷಣೆ ದೊರೆಯುವುದೆಂಬುದು, ಇವೆಲ್ಲವನ್ನೂ ಕೂಡಿಸಿ ವರ್ಷದ ಲೆಕ್ಕ ಹಾಕಬೇಕು.

ಇಷ್ಟೆಲ್ಲಾ ಪರೀಕ್ಷಿಸಿದ ಮೇಲೂ ಆಕೆಯ ಪ್ರಶ್ನೆ ತೀರಲಿಲ್ಲ. ಕೊನೆಗೆ ನಾವು ನಮಗೆ ಬಲ್ಲ ಕೆಲಸಕ್ಕೆ ಕೈಹಾಕಿದೆವು. ಸಂಜೆ ವ್ಯಾಪಾರ ಮುಗಿದ ಮೇಲೆ ಜಗಲಿಯ ಮೇಲೆ ಹಳೆಯ ಸ್ಲೇಟನ್ನು ಇಟ್ಟು ಅಂಕಿಗಳನ್ನು ಬರೆಸಿದೆವು. ಒಂದರಿಂದ ಒಂಬತ್ತರವರೆಗೆ ಆಕೆಗೆ ಬೇಗನೆ ಬಂದುವು. ಸೊನ್ನೆಯ ಬಗೆಗೆ ಮಾತ್ರ ಸಂಶಯ: “ಏನೂ ಇಲ್ಲ ಅಂತೀರಿ, ಮತ್ತೆ ಅದು ಬಂದ್ರೆ ಹತ್ತು ಪಟ್ಟು ಅಂತೀರಿ!” ಹದಿನೈದನ್ನು ಬರೆದು, ಮುಂದೆ ಒಂದು ಸೊನ್ನೆಯನ್ನು ಇಟ್ಟು ತೋರಿಸಿದೆವು. ಆಕೆ ಬಹಳ ಹೊತ್ತು ನೋಡಿದಳು. ಬಳಿಕ ಆ ಸೊನ್ನೆಯನ್ನು ಬೆರಳಿನಿಂದ ಒರಸಿ, ಮತ್ತೆ ತಾನೇ ಬರೆದಳು.

ಹೋದ ವಾರ ಗಿರಾಕಿಯೊಬ್ಬನು ತೆರೆಯನ್ನು ತೋರಿಸಿ ಹೊರಟಾಗ, “ನಿಲ್ಲಪ್ಪಾ, ಒಂದು ಸೊನ್ನೆ ಬಿಟ್ಟೀಯ” ಎಂದಳಂತೆ. ಆತನು ಕೈತಪ್ಪೆಂದು ಹೇಳಿ ಬಾಕಿಯನ್ನು ಕಳುಹಿಸಿದನಂತೆ.

ಆದುದರಿಂದ ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಯಂತ್ರವನ್ನು ಕೊಳ್ಳಿರಿ, ಐದು ಬಗೆಯಲ್ಲಿ ಪರೀಕ್ಷಿಸಿಯೇ ಕೊಳ್ಳಿರಿ, ಆದರೆ ಮನೆಯಲ್ಲಿ ಅದನ್ನು ಎಲ್ಲರಿಗಿಂತ ಕಷ್ಟದಿಂದ ಬಳಸುವವರು ಯಾರೋ ಅವರ ಕೈಗೆ ಮೊದಲು ಕೊಟ್ಟು ನೋಡಿರಿ. ನಮ್ಮ ಶಿಷ್ಯನಿಗೂ ಇದನ್ನು ಬರೆದು ತಿಳಿಸಿದ್ದೇವೆ. ಇಪ್ಪತ್ತು ವರ್ಷ ತಡವಾದ ಉತ್ತರಪತ್ರಿಕೆಗೆ ಅವನು ಎಷ್ಟು ಅಂಕ ಕೊಡುವನೋ ನೋಡಬೇಕು.